ಹತ್ತು ವರ್ಷದ ಬಡ್ಡಿ ಮೂರು ತಿಂಗಳ ಬಡ್ಡಿಗಿಂತ ಕೆಳಗಿಳಿದಾಗ: ಬಾಂಡ್ ಪೇಟೆ ಹಿಂಜರಿತವನ್ನು ಮೊದಲೇ ಹೇಳುತ್ತದೆಯೇ?

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ಪಕ್ಕದ ಮನೆಯ ಮಾಷ್ಟ್ರು ಒಂದು ಸಂಜೆ ಫೋನ್ ಹಿಡಿದುಕೊಂಡೇ ಬಂದು ಸಿಟೌಟಿನಲ್ಲಿ ಕೂತರು. ಅವರ ಮಗ ಶಾರ್ಜಾದಲ್ಲಿ. ಮನೆಯ ಮೇಲಿನ ಮಾಳಿಗೆಗೆ ಕೆಂಪುಕಲ್ಲಿನ ಗೋಡೆ ಎದ್ದು ನಿಂತಿದೆ, ಸ್ಲ್ಯಾಬ್ ಬಾಕಿ. ಫೋನಿನಲ್ಲಿ ಯಾರೋ ಕಳಿಸಿದ ಸಂದೇಶ: ಅಮೆರಿಕದ ‘ಯೀಲ್ಡ್ ಕರ್ವ್’ ತಿರುಗಿದೆ, ಐವತ್ತು ವರ್ಷಗಳಲ್ಲಿ ಬಂದ ಪ್ರತಿಯೊಂದು ಆರ್ಥಿಕ ಹಿಂಜರಿತವನ್ನೂ ಅದು ಮೊದಲೇ ಹೇಳಿತ್ತು, ಗಲ್ಫಿನಲ್ಲಿರುವವರು ಜಾಗ್ರತೆ. “ಇದೆಂಥದು ಮಾರಾಯ್ರೇ? ಬಾಂಡ್ ಅಂದ್ರೆ ಎಲ್‌ಐಸಿ ಬಾಂಡಾ?” ಎಂದು ಕೇಳಿದರು.

ನಗುವ ಪ್ರಶ್ನೆಯೇನೂ ಅಲ್ಲ. ವಿಮೆ ಪಾಲಿಸಿಯ ಕಾಗದಕ್ಕೂ ಜನ ಬಾಂಡ್ ಅನ್ನುತ್ತಾರೆ, ಛಾಪಾಕಾಗದಕ್ಕೂ ಬಾಂಡ್ ಅನ್ನುತ್ತಾರೆ. ಸುದ್ದಿಯಲ್ಲಿ ಬರುವ ಬಾಂಡ್ ಮೂರನೆಯದು. ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕೂತವನು ನಾನು, ಆದ್ದರಿಂದ ಮಾಷ್ಟ್ರಿಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆದಿದ್ದೇನೆ.

ಬಾಂಡ್ ಎಂದರೆ ಸಾಲದ ಚೀಟಿ

ಸರಕಾರಕ್ಕೋ ದೊಡ್ಡ ಕಂಪನಿಗೋ ಹಣ ಬೇಕಾದಾಗ ಯಾರೋ ಒಬ್ಬರ ಹತ್ತಿರ ಹೋಗಿ ಕೈಸಾಲ ಕೇಳುವುದಿಲ್ಲ. ಬೇಕಾದ ಮೊತ್ತವನ್ನು ಸಣ್ಣ ಸಣ್ಣ ಚೀಟಿಗಳಾಗಿ ಮಾಡಿ ಮಾರುತ್ತವೆ. ಇಷ್ಟು ವರ್ಷ ಇಷ್ಟು ಬಡ್ಡಿ ಕೊಡುತ್ತೇವೆ, ಅವಧಿ ಮುಗಿದ ದಿನ ಅಸಲು ವಾಪಸು ಎಂಬ ಮಾತು ಆ ಚೀಟಿಯಲ್ಲಿರುತ್ತದೆ. ಅದೇ ಬಾಂಡ್, ಸಾಲಪತ್ರ. ಕೊಂಡವರು ಸಾಲ ಕೊಟ್ಟವರು, ಮಾರಿದವರು ಸಾಲಗಾರರು.

ಕೇರಳದಲ್ಲಿರುವ ನಮಗೆ ಇದು ದೂರದ ಸಂಗತಿಯಲ್ಲ. ರಾಜ್ಯದ ಮೂಲಸೌಕರ್ಯ ಹೂಡಿಕೆ ಮಂಡಳಿ, ಅಂದರೆ ಎಲ್ಲರೂ ಕಿಫ್‌ಬಿ ಎನ್ನುವ ಸಂಸ್ಥೆ, 2019ರಲ್ಲಿ ‘ಮಸಾಲಾ ಬಾಂಡ್’ ಮಾರಿ 2,150 ಕೋಟಿ ರೂಪಾಯಿ ಎತ್ತಿತು. ಅವಧಿ ಐದು ವರ್ಷ, ಬಡ್ಡಿ ಶೇ 9.723. ಆಗ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಲಂಡನ್ ಷೇರುಪೇಟೆಗೆ ಹೋಗಿ ಗಂಟೆ ಬಾರಿಸಿದ್ದು ಇದೇ ಬಾಂಡಿಗಾಗಿ. ಬಡ್ಡಿ ಜಾಸ್ತಿಯಾಯಿತು ಎಂದು ಆಗ ಇಲ್ಲಿ ದೊಡ್ಡ ಚರ್ಚೆಯೂ ನಡೆಯಿತು. ವಿದೇಶದಲ್ಲಿ ಮಾರಿದರೂ ಲೆಕ್ಕ ರೂಪಾಯಿಯಲ್ಲೇ ಇರುವ ಬಾಂಡಿಗೆ ಆ ಮಸಾಲೆಯ ಹೆಸರು.

ಕೇಂದ್ರ ಸರಕಾರ 91, 182 ಮತ್ತು 364 ದಿನಗಳ ಚೀಟಿಗಳನ್ನೂ ಮಾರುತ್ತದೆ. ಅವುಗಳಿಗೆ ಟ್ರೆಜರಿ ಬಿಲ್ ಎಂದು ಹೆಸರು. ಐದು, ಹತ್ತು, ಮೂವತ್ತು ವರ್ಷಗಳ ಬಾಂಡ್‌ಗಳಿವೆ. 2023ರ ನವೆಂಬರಿನಲ್ಲಿ ಮೊದಲ ಬಾರಿಗೆ ಐವತ್ತು ವರ್ಷದ್ದೂ ಬಂತು. 2021ರ ನವೆಂಬರಿನಿಂದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆಯ ಮೂಲಕ ನಾವು ನೀವೂ ಇವನ್ನು ನೇರವಾಗಿ ಕೊಳ್ಳಬಹುದು. ಅಮೆರಿಕ ಸರಕಾರದ ಬಾಂಡ್‌ಗಳಿಗೆ ಲೋಕದಲ್ಲೆಲ್ಲ ಗಿರಾಕಿಗಳಿದ್ದಾರೆ. ಅದಕ್ಕೇ ಅಲ್ಲಿನ ದರ ಕದಲಿದರೆ ಬದಿಯಡ್ಕದ ಫೋನಿಗೂ ಸಂದೇಶ ಬರುತ್ತದೆ.

ಬೆಲೆ ಇಳಿದರೆ ಇಳುವರಿ ಏರುತ್ತದೆ

ಎಲ್ಲರೂ ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಸಾವಿರ ರೂಪಾಯಿಯ ಹತ್ತು ವರ್ಷದ ಬಾಂಡ್ ಒಂದನ್ನು ಕೊಂಡಿದ್ದೀರಿ. ಬಡ್ಡಿ ಶೇ 7. ವರ್ಷಕ್ಕೆ ಎಪ್ಪತ್ತು ರೂಪಾಯಿ ಬರುತ್ತದೆ, ಆ ಎಪ್ಪತ್ತು ಕೊನೆಯವರೆಗೂ ಬದಲಾಗುವುದಿಲ್ಲ. ಮರುದಿನವೇ ಪೇಟೆಯ ಬಡ್ಡಿ ಶೇ 8ಕ್ಕೆ ಏರಿತು ಅನ್ನಿ. ಈಗ ಹೊಸ ಬಾಂಡ್ ಕೊಳ್ಳುವವರಿಗೆ ವರ್ಷಕ್ಕೆ ಎಂಬತ್ತು ರೂಪಾಯಿ ಸಿಗುತ್ತದೆ. ನಿಮ್ಮ ಎಪ್ಪತ್ತರ ಬಾಂಡನ್ನು ಸಾವಿರ ಕೊಟ್ಟು ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಲೇಬೇಕು. ಲೆಕ್ಕ ಹಾಕಿದರೆ ಅದು ಸುಮಾರು 933 ರೂಪಾಯಿಗೆ ಬಂದು ನಿಲ್ಲುತ್ತದೆ. 933 ಕೊಟ್ಟು ಕೊಂಡವರಿಗೆ ವರ್ಷವರ್ಷದ ಎಪ್ಪತ್ತು, ಕೊನೆಗೆ ಪೂರ್ತಿ ಸಾವಿರ, ಎರಡೂ ಸೇರಿ ಶೇ 8 ಬಿದ್ದಂತಾಯಿತು. ಬಡ್ಡಿ ಶೇ 6ಕ್ಕೆ ಇಳಿದಿದ್ದರೆ ಇದೇ ಬಾಂಡಿಗೆ ಸುಮಾರು 1,074 ರೂಪಾಯಿ ಸಿಗುತ್ತಿತ್ತು.

ಈವತ್ತಿನ ಬೆಲೆಗೆ ಕೊಂಡು ಅವಧಿಯವರೆಗೆ ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬ ದರಕ್ಕೆ ಯೀಲ್ಡ್, ಕನ್ನಡದಲ್ಲಿ ಇಳುವರಿ, ಎಂದು ಹೆಸರು. ಅಡಿಕೆ ತೋಟದವರಿಗೆ ಹೊಸ ಪದವಲ್ಲ. ಆದರೆ ತೋಟದ ಇಳುವರಿ ಜಾಸ್ತಿಯಾದರೆ ಸಂತೋಷ. ಬಾಂಡಿನ ಇಳುವರಿ ಜಾಸ್ತಿಯಾಯಿತೆಂದರೆ ಈಗಾಗಲೇ ಬಾಂಡ್ ಇಟ್ಟುಕೊಂಡವರ ಮುಖ ಸಣ್ಣದಾಗುತ್ತದೆ, ಏಕೆಂದರೆ ಅವರ ಕೈಯಲ್ಲಿರುವುದರ ಬೆಲೆ ಇಳಿದಿದೆ ಎಂದೇ ಅದರ ಅರ್ಥ. ಇನ್ನೊಂದು ಮಾತು: ಅವಧಿ ಉದ್ದವಾದಷ್ಟೂ ಪೆಟ್ಟು ದೊಡ್ಡದು. ಒಂದೇ ವರ್ಷ ಬಾಕಿ ಇರುವ ಬಾಂಡ್ ಆಗಿದ್ದರೆ ಅದೇ ಶೇ 1ರ ಏರಿಕೆಗೆ ಸಾವಿರದ ಬೆಲೆ 991ರ ಹತ್ತಿರಕ್ಕೆ ಇಳಿದು ಸುಮ್ಮನಾಗುತ್ತಿತ್ತು.

ರೇಖೆ ಹೇಗೆ ಹುಟ್ಟುತ್ತದೆ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಎಡದಿಂದ ಬಲಕ್ಕೆ ಅವಧಿ: ಮೂರು ತಿಂಗಳು, ಒಂದು ವರ್ಷ, ಎರಡು, ಐದು, ಹತ್ತು, ಮೂವತ್ತು. ಕೆಳಗಿನಿಂದ ಮೇಲಕ್ಕೆ ಇಳುವರಿ. ಒಂದೇ ಸರಕಾರದ ಬಾಂಡ್‌ಗಳ ಈವತ್ತಿನ ಇಳುವರಿಗೆ ಒಂದೊಂದು ಚುಕ್ಕಿ ಇಟ್ಟು ಸೇರಿಸಿದರೆ ಸಿಗುವ ಗೆರೆಯೇ ಯೀಲ್ಡ್ ಕರ್ವ್, ಇಳುವರಿ ರೇಖೆ. ನಾಳೆ ಇದು ಬೇರೆ ಆಕಾರದಲ್ಲಿರಬಹುದು.

ಸಾಮಾನ್ಯವಾಗಿ ಈ ಗೆರೆ ಬಲಕ್ಕೆ ಹೋದಂತೆ ಏರುತ್ತದೆ. ಕಾರಣ ನಮ್ಮ ಅಡಿಕೆ ಪೇಟೆಯಲ್ಲೇ ಇದೆ. ಹೊಸ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಒಂದು ದರ, ವರ್ಷ ಇಟ್ಟ ಸಿಂಗಲ್ ಚೋಲಿಗೆ ಸಾಮಾನ್ಯವಾಗಿ ಅದಕ್ಕಿಂತ ಮೇಲು, ಡಬಲ್ ಚೋಲಿಗೆ ಇನ್ನೂ ಮೇಲು. ಅಟ್ಟದಲ್ಲಿ ಇಟ್ಟವರು ಹುಳ ಬೀಳುವ, ಬೂಸು ಹಿಡಿಯುವ ಭಯವನ್ನು ಹೊತ್ತಿದ್ದಾರೆ, ಕೈಗೆ ಬರಬೇಕಾದ ಹಣವನ್ನು ಮಳೆಗಾಲ ದಾಟಿಸಿದ್ದಾರೆ. ಆ ಹೆಚ್ಚಿನ ದರದಲ್ಲಿ ಕಾದದ್ದಕ್ಕೂ ಒಂದು ಪಾಲಿದೆ. ಹತ್ತು ವರ್ಷಕ್ಕೆ ಹಣ ಕೊಟ್ಟವರಿಗೂ ಹಾಗೆಯೇ. ಹಣದುಬ್ಬರ ಏರಬಹುದು, ಬಡ್ಡಿ ಏರಿ ಬಾಂಡಿನ ಬೆಲೆ ಕುಸಿಯಬಹುದು. ಆದ್ದರಿಂದ ಮೂರು ತಿಂಗಳಿಗೆ ಕೊಟ್ಟವರಿಗಿಂತ ನಮಗೆ ಸ್ವಲ್ಪ ಹೆಚ್ಚು ಬೇಕು ಎಂದು ಅವರು ಕೇಳುತ್ತಾರೆ.

ಈ ಗೆರೆಯ ಎರಡು ತುದಿಗಳನ್ನು ಎಳೆಯುವ ಕೈಗಳು ಬೇರೆ ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ. ಎಡ ತುದಿ, ಅಂದರೆ ಮೂರು ತಿಂಗಳ ದರ, ಕೇಂದ್ರ ಬ್ಯಾಂಕಿನ ಹಗ್ಗಕ್ಕೆ ಕಟ್ಟಿಕೊಂಡಿದೆ. ಅಮೆರಿಕದಲ್ಲಿ ಫೆಡರಲ್ ರಿಸರ್ವ್ (ಫೆಡ್), ನಮ್ಮಲ್ಲಿ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ದರ ಏರಿದರೆ ಅದೂ ಏರುತ್ತದೆ. ಬಲ ತುದಿಯನ್ನು ಎಳೆಯುವುದು ಮುಂದಿನ ಹತ್ತು ವರ್ಷದ ಬಗ್ಗೆ ಲಕ್ಷಾಂತರ ಹೂಡಿಕೆದಾರರ ಊಹೆ.

ತಲೆಕೆಳಗಾಗುವುದು ಯಾಕೆ

ಕೆಲವೊಮ್ಮೆ ಮೂರು ತಿಂಗಳ ಅಥವಾ ಎರಡು ವರ್ಷದ ಇಳುವರಿ ಹತ್ತು ವರ್ಷದ ಇಳುವರಿಯನ್ನು ಮೀರಿ ಹೋಗುತ್ತದೆ. ಗೆರೆ ಬಲಕ್ಕೆ ಇಳಿಜಾರಾಗುತ್ತದೆ. ಸುದ್ದಿಯವರು ‘ಕರ್ವ್ ಇನ್‌ವರ್ಟ್ ಆಯಿತು’ ಅನ್ನುವುದು ಇದಕ್ಕೆ. ಹತ್ತು ವರ್ಷ ಹಣ ಕಟ್ಟಿಹಾಕಲು ಮೂರು ತಿಂಗಳಿಗಿಂತ ಕಡಿಮೆ ಬಡ್ಡಿಗೆ ಜನ ಯಾಕೆ ಒಪ್ಪುತ್ತಾರೆ?

ಒಂದು ಲಕ್ಷದ ಲೆಕ್ಕ ಮಾಡೋಣ. ಒಂದು ವರ್ಷದ ಠೇವಣಿಗೆ ಈಗ ಶೇ 7 ಇದೆ ಅನ್ನಿ, ಮೂರು ವರ್ಷದ್ದಕ್ಕೆ ಶೇ 5.5 ಮಾತ್ರ. ಮೇಲ್ನೋಟಕ್ಕೆ ಒಂದು ವರ್ಷದ್ದೇ ಲಾಭ. ಆದರೆ ಬಡ್ಡಿ ಮುಂದಿನ ವರ್ಷ ಶೇ 5ಕ್ಕೆ, ಅದರ ಮುಂದಿನ ವರ್ಷ ಶೇ 4ಕ್ಕೆ ಇಳಿಯುತ್ತದೆ ಎಂದು ನಿಮಗೆ ಅನ್ನಿಸಿದೆ. ಆಗ ವರ್ಷವರ್ಷವೂ ನವೀಕರಿಸುತ್ತ ಹೋದರೆ ಮೂರು ವರ್ಷಕ್ಕೆ 1,16,844 ರೂಪಾಯಿ. ಮೂರು ವರ್ಷಕ್ಕೆ ಈಗಲೇ ಬೀಗ ಹಾಕಿದರೆ 1,17,424 ರೂಪಾಯಿ. ಕಡಿಮೆ ಬಡ್ಡಿಯ ಚೀಟಿಯೇ ಹೆಚ್ಚು ಕೊಟ್ಟಿತು. ಹೀಗೆ ಯೋಚಿಸಿ ದೊಡ್ಡ ಹೂಡಿಕೆದಾರರು ದೀರ್ಘಾವಧಿಯ ಬಾಂಡಿಗೆ ಮುಗಿಬಿದ್ದಾಗ ಅದರ ಬೆಲೆ ಏರುತ್ತದೆ, ಇಳುವರಿ ಇಳಿಯುತ್ತದೆ. ಎಡ ತುದಿಯನ್ನು ಕೇಂದ್ರ ಬ್ಯಾಂಕ್ ಮೇಲೆತ್ತಿ ಹಿಡಿದಿದೆ, ಬಲ ತುದಿಯನ್ನು ಪೇಟೆ ಕೆಳಗೆ ಒತ್ತಿದೆ.

ಅಂದರೆ ತಲೆಕೆಳಗಾದ ರೇಖೆ ನೇರವಾಗಿ ಹೇಳುವುದು ಒಂದೇ ಮಾತು: ಮುಂದೆ ಬಡ್ಡಿ ಇಳಿಯುತ್ತದೆ ಎಂದು ಹಣವಿರುವವರು ನಂಬಿದ್ದಾರೆ. ಹಿಂಜರಿತ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಬಡ್ಡಿ ಯಾಕೆ ಇಳಿಯಬೇಕು? ವ್ಯಾಪಾರ ಕುಗ್ಗಿ, ಕೆಲಸ ಹೋಗಿ, ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸಲೇಬೇಕಾಗಿ ಬರಬಹುದು. ಅಥವಾ ಏರಿದ್ದ ಹಣದುಬ್ಬರ ತಣ್ಣಗಾಗಿ, ಎತ್ತಿ ಹಿಡಿದಿದ್ದ ಬಡ್ಡಿಯನ್ನು ಸಮಾಧಾನದಲ್ಲಿ ಕೆಳಗಿಡಬಹುದು. ಎರಡೂ ಸಂದರ್ಭದಲ್ಲಿ ರೇಖೆಯ ಆಕಾರ ಒಂದೇ. ಫಾರ್ವರ್ಡ್ ಸಂದೇಶಗಳು ಹಾರಿಬಿಡುವುದು ಈ ನಡುವಿನ ಮೆಟ್ಟಿಲನ್ನೇ.

ನಮ್ಮ ಬ್ಯಾಂಕುಗಳ ದರಪಟ್ಟಿಯಲ್ಲೇ ಇದನ್ನು ನೀವು ನೋಡಿದ್ದೀರಿ, ಗಮನಿಸಿರಲಿಕ್ಕಿಲ್ಲ. 2023ರಲ್ಲಿ ಸ್ಟೇಟ್ ಬ್ಯಾಂಕಿನ 400 ದಿನಗಳ ‘ಅಮೃತ ಕಲಶ’ ಠೇವಣಿಗೆ ಶೇ 7.10 ಬಡ್ಡಿ ಇತ್ತು. ಅದೇ ಪಟ್ಟಿಯಲ್ಲಿ ಐದು ವರ್ಷ ಮೇಲ್ಪಟ್ಟ ಠೇವಣಿಗೆ ಶೇ 6.50. ಹೆಚ್ಚು ದಿನ ಇಟ್ಟರೆ ಕಡಿಮೆ ಯಾಕೆ ಎಂದು ಪಿಂಚಣಿದಾರರು ಕೌಂಟರುಗಳಲ್ಲಿ ಕೇಳಿದರು. ಆ ಅವಧಿಯ ಹಣ ಬ್ಯಾಂಕುಗಳಿಗೆ ತುರ್ತಾಗಿ ಬೇಕಿತ್ತು ಎಂಬುದು ಒಂದು ಕಾರಣ. ಬಡ್ಡಿ ಮುಂದೆ ಇಳಿಯುವುದಿದ್ದರೆ ಐದು ವರ್ಷ ಹೆಚ್ಚು ದರಕ್ಕೆ ಸಿಕ್ಕಿಹಾಕಿಕೊಳ್ಳಲು ಯಾವ ಬ್ಯಾಂಕಿಗೂ ಮನಸ್ಸಿಲ್ಲ ಎಂಬುದು ಇನ್ನೊಂದು. 2025ರ ಫೆಬ್ರುವರಿಯಿಂದ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಇಳಿಸತೊಡಗಿತು. ಪಟ್ಟಿ ಹೇಳಿದ್ದು ನಿಜವಾಯಿತು, ಆದರೆ ಸುಮಾರು ಎರಡು ವರ್ಷ ತಡವಾಗಿ. ನಡುವೆ ಹಿಂಜರಿತವೇನೂ ಬರಲಿಲ್ಲ.

ರೇಖೆಯಿಂದ ಹಿಂಜರಿತಕ್ಕೆ ಹೋಗುವ ದಾರಿ

ಹಾಗಾದರೆ ರೇಖೆಗೆ ಇಷ್ಟು ಹೆಸರು ಬಂದದ್ದು ಹೇಗೆ? ಅದು ಬರೀ ಊಹೆಯ ಕನ್ನಡಿಯಲ್ಲ, ಸ್ವಲ್ಪ ಮಟ್ಟಿಗೆ ತಾನೇ ಕಾರಣವೂ ಆಗುತ್ತದೆ. ಬ್ಯಾಂಕಿನ ಕಸುಬು ಸರಳ: ಠೇವಣಿದಾರರಿಂದ ಅಲ್ಪಾವಧಿಗೆ ಹಣ ಪಡೆದು ಮನೆಗೋ ಕಾರ್ಖಾನೆಗೋ ದೀರ್ಘಾವಧಿಗೆ ಸಾಲ ಕೊಡುವುದು. ನಡುವಿನ ವ್ಯತ್ಯಾಸವೇ ಅದರ ಅನ್ನ. ಅಲ್ಪಾವಧಿಯ ಬಡ್ಡಿಯೇ ಮೇಲೆ ಹೋದರೆ ಆ ಅನ್ನಕ್ಕೆ ಕಲ್ಲು ಬೀಳುತ್ತದೆ. ಸಾಲ ಕೊಡುವುದರಲ್ಲಿ ಬ್ಯಾಂಕ್ ಕೈ ಬಿಗಿ ಮಾಡುತ್ತದೆ, ಅಂಗಡಿಯವರು ಹೊಸ ಮಾಲು ತರಿಸುವುದನ್ನು ಮುಂದೂಡುತ್ತಾರೆ, ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ.

ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕತೆಯನ್ನು ಇಲ್ಲಿ ಹೇಳಬೇಕು. ಬಡ್ಡಿ ತೀರಾ ಕಡಿಮೆ ಇದ್ದಾಗ ಅದು ಠೇವಣಿ ಹಣವನ್ನು ದೊಡ್ಡ ಪ್ರಮಾಣದಲ್ಲಿ ದೀರ್ಘಾವಧಿಯ ಬಾಂಡ್‌ಗಳಿಗೆ ಹಾಕಿತ್ತು. 2022ರಲ್ಲಿ ಬಡ್ಡಿ ಸರಸರ ಏರಿತು. ಮೇಲೆ ಹೇಳಿದ ಸಾವಿರ ರೂಪಾಯಿಯ ಲೆಕ್ಕವನ್ನು ಶತಕೋಟಿ ಡಾಲರುಗಳಲ್ಲಿ ಮಾಡಿ ನೋಡಿ. ಬಾಂಡ್‌ಗಳ ಬೆಲೆ ಕುಸಿದಿತ್ತು, ಠೇವಣಿದಾರರು ಹಣ ವಾಪಸು ಕೇಳಿದರು, ನಷ್ಟದಲ್ಲೇ ಮಾರಬೇಕಾಯಿತು. ಸುದ್ದಿ ಹಬ್ಬಿ ಎಲ್ಲರೂ ಒಟ್ಟಿಗೆ ಬಂದರು. 2023ರ ಮಾರ್ಚ್ 10ರಂದು ಬ್ಯಾಂಕ್ ಮುಚ್ಚಿತು. ಅದೇ ವಾರ ಅಮೆರಿಕದ ಎರಡು ವರ್ಷದ ಇಳುವರಿ ಹತ್ತು ವರ್ಷದ್ದಕ್ಕಿಂತ ಶೇ 1ಕ್ಕೂ ಹೆಚ್ಚು ಮೇಲಿತ್ತು. 1981ರಿಂದ ಈಚೆಗೆ ರೇಖೆ ಅಷ್ಟು ತಲೆಕೆಳಗಾದದ್ದಿಲ್ಲ.

ಹಳೆಯ ದಾಖಲೆ ಏನನ್ನುತ್ತದೆ

ರೇಖೆಗೂ ಹಿಂಜರಿತಕ್ಕೂ ಇರುವ ನಂಟನ್ನು ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಕ್ಯಾಂಬೆಲ್ ಹಾರ್ವೆ ಮುಖ್ಯರು. 1986ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಅವರು ಬರೆದ ಪಿಎಚ್‌ಡಿ ಪ್ರಬಂಧದ ವಿಷಯ ಇದೇ. ಆಮೇಲೆ ಆರ್ತುರೊ ಎಸ್ಟ್ರೆಲ್ಲಾ ಮತ್ತು ಫ್ರೆಡರಿಕ್ ಮಿಷ್ಕಿನ್ ಮೂರು ತಿಂಗಳು ಮತ್ತು ಹತ್ತು ವರ್ಷದ ಅಂತರದಿಂದ ಹಿಂಜರಿತದ ಸಂಭವವನ್ನು ಲೆಕ್ಕಹಾಕುವ ಕ್ರಮ ಕೊಟ್ಟರು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್ ಈಗಲೂ ಅಂಥ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸುತ್ತದೆ.

1969ರಿಂದ 2020ರವರೆಗೆ ಅಮೆರಿಕದಲ್ಲಿ ಎಂಟು ಹಿಂಜರಿತಗಳಾಗಿವೆ: 1969, 1973, 1980, 1981, 1990, 2001, 2007 ಮತ್ತು 2020ರಲ್ಲಿ ಶುರುವಾದವು. ಎಂಟಕ್ಕೂ ಮೊದಲು ರೇಖೆ ತಲೆಕೆಳಗಾಗಿತ್ತು. ಕೇಳಲು ಭಯಂಕರ. ಆದರೆ ಎಂಟು ಎಂದರೆ ಎಂಟೇ. ಎಂಟು ಮಳೆಗಾಲ ನೋಡಿದವರು ಒಂಬತ್ತನೆಯದರ ಬಗ್ಗೆ ಎಷ್ಟು ಖಚಿತವಾಗಿ ಮಾತಾಡಬಹುದೋ ಅಷ್ಟೇ ಇದು. ಎಂಟನೆಯದನ್ನು ಈ ಪಟ್ಟಿಗೆ ಸೇರಿಸುವುದಕ್ಕೂ ನನಗೆ ಸಂಕೋಚವಿದೆ. 2019ರಲ್ಲಿ ರೇಖೆ ತಿರುಗಿದ್ದು ನಿಜ, 2020ರ ಫೆಬ್ರುವರಿಯ ನಂತರ ಆರ್ಥಿಕತೆ ಕುಸಿದದ್ದೂ ನಿಜ. ಕೊರೊನಾ ವೈರಾಣು ಬರುತ್ತದೆಂದು ಬಾಂಡ್ ಪೇಟೆಗೆ ಹೇಗೆ ಗೊತ್ತಿರಲು ಸಾಧ್ಯ? 1966ರಲ್ಲಿ ರೇಖೆ ತಿರುಗಿದಾಗ ಬೆಳವಣಿಗೆ ನಿಧಾನವಾಯಿತೇ ಹೊರತು ಹಿಂಜರಿತ ಬರಲಿಲ್ಲ ಎಂಬುದನ್ನೂ ಇದರ ಜೊತೆಗಿಡಬೇಕು.

ಸಮಯದ ವಿಷಯದಲ್ಲಿ ರೇಖೆ ಇನ್ನೂ ಕಚ್ಚಾ. ಎರಡು ವರ್ಷ ಮತ್ತು ಹತ್ತು ವರ್ಷದ ರೇಖೆ 2006ರ ಆರಂಭದಲ್ಲೇ ತಿರುಗಿತ್ತು. ಹಿಂಜರಿತ ಶುರುವಾದದ್ದು 2007ರ ಡಿಸೆಂಬರಿನಲ್ಲಿ. ಷೇರುಪೇಟೆ 2007ರ ಅಕ್ಟೋಬರಿನವರೆಗೂ ಏರುತ್ತಲೇ ಇತ್ತು. ಹಿಂಜರಿತ ಶುರುವಾಗುವ ಹೊತ್ತಿಗೆ ರೇಖೆ ಮತ್ತೆ ನೆಟ್ಟಗಾಗಿತ್ತು! ಇದು ಹಲವು ಸಲ ಕಂಡ ಕ್ರಮ. ತೊಂದರೆಯ ವಾಸನೆ ಬಂದಾಗ ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸತೊಡಗುತ್ತದೆ, ಎಡ ತುದಿ ಬೀಳುತ್ತದೆ, ರೇಖೆ ನೇರವಾಗುತ್ತದೆ. ‘ರೇಖೆ ಸರಿಹೋಯಿತು, ಗಂಡಾಂತರ ಕಳೆಯಿತು’ ಎಂದು ಓದಿದರೆ ಅದನ್ನೂ ಪೂರ್ತಿ ನಂಬಬೇಡಿ.

ಹಿಂಜರಿತ ಬಂದಿದೆ ಎಂದು ತೀರ್ಮಾನಿಸುವುದಾದರೂ ಯಾರು? ಸತತ ಎರಡು ತ್ರೈಮಾಸಿಕ ಜಿಡಿಪಿ ಕುಗ್ಗಿದರೆ ಹಿಂಜರಿತ ಎಂಬುದು ಬಳಕೆಯ ಲೆಕ್ಕ. ಅಮೆರಿಕದಲ್ಲಿ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಬ್ಯೂರೊದ ಒಂದು ಸಮಿತಿ ಉದ್ಯೋಗ, ಆದಾಯ, ಉತ್ಪಾದನೆ, ಮಾರಾಟ ಎಲ್ಲ ನೋಡಿ ಘೋಷಿಸುತ್ತದೆ. 2007ರ ಡಿಸೆಂಬರಿನಲ್ಲಿ ಶುರುವಾದದ್ದನ್ನು ಅದು ಹೇಳಿದ್ದು 2008ರ ಡಿಸೆಂಬರ್ 1ರಂದು. ಅಷ್ಟರಲ್ಲಿ ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿ ಎರಡೂವರೆ ತಿಂಗಳಾಗಿತ್ತು.

2022ರಲ್ಲಿ ಏನಾಯಿತು

2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿತು. ಸೊನ್ನೆಯ ಹತ್ತಿರವಿದ್ದ ಬಡ್ಡಿಯನ್ನು ಫೆಡರಲ್ ರಿಸರ್ವ್ 2022ರ ಮಾರ್ಚಿನಿಂದ 2023ರ ಜುಲೈ ಒಳಗೆ ಶೇ 5.25ರಿಂದ 5.50ರ ಮಟ್ಟಕ್ಕೆ ಎತ್ತಿತು. 2022ರ ಜುಲೈಯಲ್ಲಿ ತಿರುಗಿದ ಎರಡು–ಹತ್ತು ವರ್ಷದ ರೇಖೆ 2024ರ ಸೆಪ್ಟೆಂಬರಿನವರೆಗೆ ಹಾಗೆಯೇ ಇತ್ತು. ಎರಡು ವರ್ಷ ದಾಟಿದ ಇಷ್ಟು ದೀರ್ಘ ತಿರುವು ಹಿಂದೆ ಆಗಿರಲಿಲ್ಲ. ಪಂಡಿತರು ಹಿಂಜರಿತ ಖಚಿತ ಎಂದರು. ಅದು ಬರಲಿಲ್ಲ. 2023ರಲ್ಲೂ 2024ರಲ್ಲೂ ಅಮೆರಿಕದ ಆರ್ಥಿಕತೆ ಶೇ 2ಕ್ಕಿಂತ ವೇಗವಾಗಿಯೇ ಬೆಳೆಯಿತು. ಈ ಸಲ ತಪ್ಪು ಸೂಚನೆ ಇರಬಹುದು ಎಂದು 2023ರ ಆರಂಭದಲ್ಲಿ ಹೇಳಿದ್ದವರು ಬೇರೆ ಯಾರೂ ಅಲ್ಲ, ಹಾರ್ವೆ ಅವರೇ.

ಯಾಕೆ ತಪ್ಪಿತು ಎಂಬುದಕ್ಕೆ ಕಾರಣಗಳು ಹಲವು. ಅಲ್ಲಿನ ಮನೆಸಾಲ ಹೆಚ್ಚಾಗಿ ಮೂವತ್ತು ವರ್ಷ ಬದಲಾಗದ ಬಡ್ಡಿಯದು. 2020 ಮತ್ತು 2021ರಲ್ಲಿ ಅಗ್ಗದ ಬಡ್ಡಿಗೆ ಸಾಲ ಮಾಡಿದವರಿಗೆ ಫೆಡ್ ಎಷ್ಟು ಏರಿಸಿದರೂ ಕಂತು ಒಂದು ಸೆಂಟೂ ಏರಲಿಲ್ಲ. ನಮ್ಮಲ್ಲಿ ಹಾಗಲ್ಲ, ರೆಪೊ ಏರಿದರೆ ಕಂತಿನ ಲೆಕ್ಕವೇ ಬದಲಾಗುತ್ತದೆ. ಕೊರೊನಾ ಕಾಲದಲ್ಲಿ ಸರಕಾರ ಹಂಚಿದ ಹಣ ಕುಟುಂಬಗಳ ಕೈಯಲ್ಲಿ ಉಳಿದಿತ್ತು. ಫೆಡರಲ್ ರಿಸರ್ವ್ ತಾನೇ ವರ್ಷಗಟ್ಟಲೆ ಬಾಂಡ್ ಕೊಂಡು ದೊಡ್ಡ ರಾಶಿ ಮಾಡಿಕೊಂಡಿದ್ದರಿಂದ ದೀರ್ಘಾವಧಿಯ ಇಳುವರಿ ಮೊದಲೇ ತಗ್ಗಿತ್ತು. ಅಂಥ ರೇಖೆ ಸಣ್ಣ ನೂಕಿಗೂ ತಿರುಗಿಬಿಡುತ್ತದೆ. ಮತ್ತೆ, ಎಲ್ಲರ ಕಣ್ಣೂ ಒಂದೇ ಸೂಚಕದ ಮೇಲೆ ನೆಟ್ಟರೆ ಎಲ್ಲರೂ ಮೊದಲೇ ಹುಷಾರಾಗುತ್ತಾರೆ, ಬೀಳುವುದು ತಪ್ಪಲೂಬಹುದು.

ಇನ್ನೊಂದು ಸೂಚನೆ, ಚಿಟ್ಟಿಯಲ್ಲಿ ಕಾಣುವಂಥದ್ದು

ಬಾಂಡ್ ಪೇಟೆಯಲ್ಲಿ ರೇಖೆಯೊಂದೇ ನೋಡುವಂಥದ್ದಲ್ಲ. ನಮ್ಮ ಊರಿನ ಚಿಟ್ಟಿಯನ್ನು ನೆನಪಿಸಿಕೊಳ್ಳಿ. (ಮಲಯಾಳದಲ್ಲಿ ಅದಕ್ಕೆ ಕುರಿ ಎಂದೂ ಹೇಳುತ್ತಾರೆ, ನಮಗೆ ಕುರಿ ಎಂದರೆ ಬೇರೆ.) ಇಪ್ಪತ್ತು ಮಂದಿ ತಿಂಗಳಿಗೆ ಹತ್ತು ಸಾವಿರ ಹಾಕಿದರೆ ಎರಡು ಲಕ್ಷ. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಅವರಿಗೆ ಆ ತಿಂಗಳ ಹಣ. ಕೆಲವು ತಿಂಗಳು ಐದಾರು ಸಾವಿರ ಬಿಟ್ಟರೆ ಸಾಕು. ಜೂನ್ ಬಂತು, ಮಕ್ಕಳ ಶಾಲೆ ಶುರು, ಅಡಿಕೆಗೆ ಕೊಳೆರೋಗ ಬಂತು ಅನ್ನಿ, ಆಗ ನಲವತ್ತು ಸಾವಿರ ಬಿಡಲೂ ಜನ ಕೈ ಎತ್ತುತ್ತಾರೆ. ಹರಾಜು ನೋಡಿದರೆ ಊರಿನಲ್ಲಿ ಹಣ ಎಷ್ಟು ಬಿಗಿಯಾಗಿದೆ ಎಂದು ತಿಳಿಯುತ್ತದೆ.

ದುರ್ಬಲ ಕಂಪನಿಗಳ ಬಾಂಡ್ ಮತ್ತು ಸರಕಾರಿ ಬಾಂಡ್ ನಡುವಿನ ಇಳುವರಿಯ ಅಂತರ ಇಂಥದ್ದೇ. ಸಾಲ ಮುಳುಗಬಹುದೆಂಬ ಭಯ ಹೆಚ್ಚಾದಷ್ಟೂ ಅದು ಹಿಗ್ಗುತ್ತದೆ. ಅಮೆರಿಕದಲ್ಲಿ ನೆಮ್ಮದಿಯ ಕಾಲದಲ್ಲಿ ಶೇ 3ರಿಂದ 5ರಷ್ಟಿರುವ ಈ ಅಂತರ 2008ರ ಕೊನೆಗೆ ಶೇ 20ನ್ನೂ ದಾಟಿತು, 2020ರ ಮಾರ್ಚಿನಲ್ಲಿ ಶೇ 11ರ ಹತ್ತಿರ ಹೋಯಿತು. ರೇಖೆ ಬಹಳ ಮೊದಲೇ, ಕೆಲವೊಮ್ಮೆ ಸುಮ್ಮಸುಮ್ಮನೆ ಕೂಗುತ್ತದೆ. ಈ ಅಂತರ ಕೂಗುವುದು ತಡವಾಗಿ, ಆದರೆ ಅದು ಕೂಗಿದಾಗ ಮನೆಯೊಳಗೆ ಹೊಗೆ ಇರುತ್ತದೆ. 2022ರಿಂದ 2024ರ ನಡುವೆ ರೇಖೆ ತಲೆಕೆಳಗಾಗಿದ್ದರೂ ಈ ಅಂತರ ಅಂಥ ಮಟ್ಟಕ್ಕೆ ಹೋಗಲೇ ಇಲ್ಲ.

ಭಾರತದ ರೇಖೆಯನ್ನು ಹಾಗೆಯೇ ಓದಬಹುದೇ?

ಓದಬಾರದು. ಇಲ್ಲಿನ ಬ್ಯಾಂಕುಗಳು ತಮ್ಮ ಠೇವಣಿಯಂಥ ಬಾಧ್ಯತೆಗಳ ಶೇ 18ರಷ್ಟನ್ನು ಮುಖ್ಯವಾಗಿ ಸರಕಾರಿ ಬಾಂಡ್‌ಗಳಲ್ಲೇ ಇಡಬೇಕೆಂಬ ನಿಯಮವಿದೆ. ವಿಮೆ ಕಂಪನಿಗಳು, ಭವಿಷ್ಯನಿಧಿ ಕೂಡ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತವೆ. ರಿಸರ್ವ್ ಬ್ಯಾಂಕ್ ಬೇಕಾದಾಗ ತಾನೇ ಪೇಟೆಗೆ ಇಳಿಯುತ್ತದೆ. ನಿಯಮಕ್ಕಾಗಿ ಕೊಳ್ಳುವವರು ಇಷ್ಟಿದ್ದರೆ ಬೆಲೆಯಲ್ಲಿ ಭವಿಷ್ಯದ ಊಹೆ ಎಷ್ಟು, ನಿಯಮದ ಒತ್ತಡ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಎರಡು ಘಟನೆ ನೋಡಿ. 2013ರ ಜುಲೈಯಲ್ಲಿ ರೂಪಾಯಿ ಜಾರುತ್ತಿದ್ದಾಗ ಅದನ್ನು ಹಿಡಿಯಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ತುರ್ತು ಸಾಲದ ದರವನ್ನು ಶೇ 10.25ಕ್ಕೆ ಏರಿಸಿತು. ಅಲ್ಪಾವಧಿಯ ದರ ಚಿಮ್ಮಿತು, ರೇಖೆ ತಲೆಕೆಳಗಾಯಿತು. ಹಿಂಜರಿತ ಬರಲಿಲ್ಲ. 2020ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿಯಿತೆಂದು ಮೊದಲ ಅಂದಾಜು ಹೇಳಿತು. ಆಗ ನಮ್ಮ ರೇಖೆ ಹೇಗಿತ್ತು? ರೆಪೊ ಶೇ 4ಕ್ಕೆ ಇಳಿದಿತ್ತು, ಹತ್ತು ವರ್ಷದ ಇಳುವರಿ ಶೇ 6ರ ಆಸುಪಾಸಿನಲ್ಲಿತ್ತು. ಪಠ್ಯಪುಸ್ತಕದಲ್ಲಿ ‘ಒಳ್ಳೆಯ ಕಾಲ’ ಎಂದು ಬರೆಯುವಂಥ ಏರುರೇಖೆ.

ಶಾರ್ಜಾದವರೆಗೆ

ಮಾಷ್ಟ್ರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಅಮೆರಿಕದ ಬಡ್ಡಿಗೂ ಶಾರ್ಜಾಕ್ಕೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ಸಂಬಂಧ ಇದೆ. ಯುಎಇಯ ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ಫೆಡ್ ಬಡ್ಡಿ ಏರಿಸಿದರೆ ಅಲ್ಲಿನ ಕೇಂದ್ರ ಬ್ಯಾಂಕೂ ಹಿಂದೆಯೇ ಏರಿಸುತ್ತದೆ. ಅಮೆರಿಕ ನಿಜವಾಗಿ ಕುಸಿದರೆ ತೈಲದ ಬೇಡಿಕೆಯೂ ಬೀಳುತ್ತದೆ. 2008ರ ಜುಲೈಯಲ್ಲಿ ಬ್ಯಾರಲಿಗೆ 147 ಡಾಲರ್ ಇದ್ದ ತೈಲ ಡಿಸೆಂಬರಿಗೆ 40ಕ್ಕಿಂತ ಕೆಳಗೆ ಬಂತು. 2009ರ ನವೆಂಬರಿನಲ್ಲಿ ದುಬೈ ಸರಕಾರದ ದುಬೈ ವರ್ಲ್ಡ್ ಸಂಸ್ಥೆ ಸಾಲ ತೀರಿಸಲು ಹೆಚ್ಚು ಸಮಯ ಕೇಳಿತು. ಆ ವರ್ಷಗಳಲ್ಲಿ ಕೆಲಸ ಬಿಟ್ಟು ಬಂದವರು, ಕಂಬಿ ಹೊರಗೆ ಚಾಚಿಕೊಂಡು ಅರ್ಧಕ್ಕೆ ನಿಂತ ಮನೆಗಳು ಉಪ್ಪಳ, ಕುಂಬಳೆ ಕಡೆಯವರಿಗೆ ಇನ್ನೂ ನೆನಪಿವೆ. ಆದರೆ ರೇಖೆ ತಿರುಗಿದ್ದು 2006ರಲ್ಲಿ. ಆ ದಿನವೇ ಸ್ಲ್ಯಾಬ್ ನಿಲ್ಲಿಸಿದವರು ಎರಡು ಮೂರು ವರ್ಷದ ಸಂಪಾದನೆಯ ಕಾಲದಲ್ಲಿ ಸುಮ್ಮನೆ ಕೂತಂತಾಗುತ್ತಿತ್ತು.

“ಹಾಗಾದ್ರೆ ಸ್ಲ್ಯಾಬ್?” ಎಂದರು ಮಾಷ್ಟ್ರು.

ಮಗನ ಕಂಪನಿ ಏನು ಕೆಲಸ ಮಾಡುತ್ತದೆ, ವೀಸಾ ಎಷ್ಟು ತಿಂಗಳಿದೆ, ಸ್ಲ್ಯಾಬಿಗೆ ಸಾಲ ಎತ್ತುತ್ತೀರೋ ಕೈಯಲ್ಲಿರುವ ಹಣವೋ ಎಂದು ಕೇಳಿದೆ. ಕಂಪನಿಯ ವಿಷಯ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ನಮಗೆ ಆರೂವರೆ, ಅಲ್ಲಿ ಐದು ಗಂಟೆ. ನನ್ನೆದುರೇ ಫೋನ್ ಮಾಡಿದರು. ಕಟ್ಟಡಗಳ ಏಸಿ ನಿರ್ವಹಣೆಯ ಕೆಲಸ, ಕರಾರು ಇನ್ನೂ ಎರಡು ವರ್ಷವಿದೆ, ಮೊನ್ನೆ ಮಂಜೇಶ್ವರದ ಇಬ್ಬರನ್ನು ಹೊಸದಾಗಿ ತೆಗೆದುಕೊಂಡಿದ್ದಾರೆ ಎಂದು ಮಗ ಹೇಳಿದ. ಬಾಂಡ್ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲ.

ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಆಚರಣೆಯ ದಿನಕ್ಕೆ, ಮೊದಲು ಸ್ಲ್ಯಾಬ್ ಹಾಕಿಕೊಡಲು ಮೇಸ್ತ್ರಿಗೆ ಹೇಳಿದ್ದಾರೆ. ಸಂದೇಶವನ್ನು ಅಳಿಸಿಲ್ಲ. ಪಂಚಾಂಗದ ಹಿಂಬದಿಯ ರಟ್ಟಿನಲ್ಲಿ ಪೆನ್ಸಿಲಿನಿಂದ ಮೂರು ಸಾಲು ಎಳೆದು ಮೂರು ತಿಂಗಳು, ಎರಡು ವರ್ಷ, ಹತ್ತು ವರ್ಷ ಎಂದು ಬರೆದುಕೊಂಡಿದ್ದಾರೆ. ಪ್ರತಿ ತಿಂಗಳ ಒಂದನೇ ತಾರೀಕು ನನ್ನಲ್ಲಿಗೆ ಬಂದು ದರ ಕೇಳಿ ತುಂಬಿಸುತ್ತಾರಂತೆ.